ಬೋರ್ ನೀರು, ಕಪ್ಪು ಕಾರು, ಒಂದು ಟವೆಲ್: ಎರಡು ವರ್ಷ ಬಳಸಿದ ಮೇಲೆ

ಬೆಂಗಳೂರಿನಲ್ಲಿ ಮನೆ, ಬರುವುದು ಬೋರ್ ನೀರು. ಸಾಲದ್ದಕ್ಕೆ ಕಾರು ಕಪ್ಪು. ತೊಳೆದ ಅರ್ಧ ಗಂಟೆಗೆಲ್ಲ ಬಾನೆಟ್ ಮೇಲೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ. ನೀರು ಆರುತ್ತದೆ, ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಲ್ಲೇ ಕೂರುತ್ತದೆ. ಅಷ್ಟೇ ವಿಷಯ.

ಮೊದಲು ಹಳೆ ಪಂಚೆಯಲ್ಲಿ ಒರೆಸುತ್ತಿದ್ದೆ. ಕಲೆ ಹೋಗಲಿಲ್ಲ, ಗೀರು ಬಂತು. 2023ರ ಕೊನೆಯಲ್ಲಿ 1200 ಜಿಎಸ್‌ಎಂ (ಅಂದರೆ ಚದರ ಮೀಟರ್‌ಗೆ 1200 ಗ್ರಾಂ ತೂಗುವ, ದಪ್ಪನೆಯ) ಮೈಕ್ರೋಫೈಬರ್ ಟವೆಲ್ ತಗೊಂಡೆ, ತಿರುಚಿದ ನೂಲಿನದು. ಉಜ್ಜುವ ಹಾಗೇ ಇಲ್ಲ. ಬಾನೆಟ್ ಮೇಲೆ ಹಾಸಿ, ಎರಡು ಮೂಲೆ ಹಿಡಿದು ನಿಧಾನಕ್ಕೆ ಎಳೆದರೆ ಸಾಕು, ಹಿಂದೆ ಒಂದು ಹನಿಯೂ ಉಳಿಯುವುದಿಲ್ಲ. ಆದರೆ ಡಿಕ್ಕಿ ಹತ್ತಿರ ಬರುವಷ್ಟರಲ್ಲಿ ನೆನೆದು ಭಾರವಾಗಿರುತ್ತದೆ. ಒಂದೇ ಟವೆಲ್‌ನಲ್ಲಿ ಇಡೀ ಕಾರು ಅನ್ನುವುದು ಸುಮ್ನೆ ಮಾತು. ಪಕ್ಕಕ್ಕೆ ಇನ್ನೊಂದು ಚಿಕ್ಕದು ಬೇಕೇ ಬೇಕು.

ಮಧ್ಯದಲ್ಲಿ ಒಮ್ಮೆ ಅದು ಮನೆ ಬಟ್ಟೆ ಜೊತೆ ಮಷಿನ್‌ಗೆ ಹೋಯಿತು. ಘಮಘಮ ಅನ್ನುವ ಕಂಡೀಷನರ್ ಬೇರೆ ಹಾಕಿದ್ದರು. ಆಮೇಲೆ ಟವೆಲ್ ನೀರು ಕುಡಿಯುವುದನ್ನೇ ಬಿಟ್ಟಿತು, ಅತ್ತಿಂದಿತ್ತ ತಳ್ಳುತ್ತಿತ್ತು. ಬಿಸಿನೀರಿಗೆ ಸ್ವಲ್ಪ ವಿನೆಗರ್ ಹಾಕಿ ಮೂರ್ನಾಲ್ಕು ಸಲ ಜಾಲಿಸಿದೆ. ಮುಕ್ಕಾಲು ಪಾಲು ಸರಿಹೋಯಿತು.

ನಿಜ ಹೇಳಬೇಕೆಂದರೆ ಟವೆಲ್‌ಗಿಂತ ಜಾಸ್ತಿ ಕೆಲಸ ಮಾಡಿದ್ದು ತೊಳೆದ ಮೇಲೆ ಕೊನೆಗೆ ಸುರಿಯುವ ಬಕೆಟ್ ನೀರು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತಲ್ವಾ, ಆಗ ಆರ್‌ಒ ಮಷಿನ್ ಹೊರಬಿಡುವ ನೀರು ಹಿಡಿದಿಟ್ಟು ಜಾಣತನ ಮಾಡಿದೆ ಅಂದುಕೊಂಡೆ. ಚುಕ್ಕೆ ಇನ್ನೂ ದಪ್ಪ ಬಂತು! ನೀರಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಬೋರ್ ನೀರಿಗಿಂತ ಜಾಸ್ತಿ. ಆಗಬೇಕಾದ್ದೇ, ಮಷಿನ್ ಶೋಧಿಸಿ ಬಿಟ್ಟ ಉಪ್ಪೆಲ್ಲ ಅದರಲ್ಲೇ ಇರುತ್ತದಲ್ಲ.

ಈಗ ತಾರಸಿಯ ಮಳೆನೀರು ಡ್ರಮ್‌ಗೆ ಬೀಳುತ್ತದೆ. ಬೆಳಗ್ಗೆ ಏಳರೊಳಗೆ, ನೆರಳಲ್ಲಿ, ಬೋರ್ ನೀರಲ್ಲೇ ಶಾಂಪೂ ಹಾಕಿ ತೊಳೆದು, ಒಣಗಲು ಬಿಡದೆ ಒಂದು ಬಕೆಟ್ ಮಳೆನೀರನ್ನು ಚೊಂಬಿನಲ್ಲಿ ಮೇಲಿಂದ ಮೆಲ್ಲಗೆ ಸುರಿಯುತ್ತೇನೆ. ಎರಚಬಾರದು. ಹಾಳೆಯಂತೆ ಜಾರಿದರೆ ಹನಿ ಕಮ್ಮಿ ನಿಲ್ಲುತ್ತದೆ. ಆಮೇಲೆ ಟವೆಲ್. ಮಳೆಗಾಲದಲ್ಲಿ ಒರೆಸಲು ಮರೆತರೂ ಕಲೆ ಇಲ್ಲ. ಏಪ್ರಿಲ್‌ನಲ್ಲಿ ಡ್ರಮ್ ಖಾಲಿ, ಆಗ ಟವೆಲ್ಲೇ ಗತಿ.

ಹೊಸ ಕಲೆಗೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ, ತಕ್ಷಣ ತೊಳೆದರೆ ಹೋಗುತ್ತದೆ. ರೂಫ್ ಮೇಲೆ ಬಿಸಿಲಿಗೆ ಸುಟ್ಟು ಕೂತ ಹಳೆಯವು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ.

ಟವೆಲ್‌ಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಅಂಚು ಬಿಚ್ಚಿಕೊಳ್ಳುತ್ತಿದೆ, ಆದರೂ ಇದನ್ನೇ ಮತ್ತೆ ತಗೋತೀನಿ. ಎಲ್ಲ ಒರೆಸಿ ಮುಗಿಸಿದ ಮೇಲೆ ಸೈಡ್ ಮಿರರ್ ಸಂದಿಯಿಂದ ಬಾಗಿಲ ಮೇಲೆ ಇಳಿಯುತ್ತದಲ್ಲ ಒಂದು ಗೆರೆ ನೀರು, ಅದಕ್ಕೆ ಯಾವ ಟವೆಲ್ಲೂ ಇಲ್ಲ. ಮಿರರ್ ಮಡಚಿ ತೆಗೆದು, ಕಾಫಿ ಕುಡಿದು ಬಂದು ಇನ್ನೊಮ್ಮೆ ಒರೆಸುತ್ತೇನೆ.