ಕೆಲಸ ಹುಡುಕಾಟಕ್ಕೆ ಗೂಗಲ್ ಶೀಟ್ಸ್: ವರ್ಷಗಟ್ಟಲೆ ಬಳಸಿದ ಮೇಲೆ

ಕೆಲಸ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ ನಾನು ಮೊದಲು ರೆಸ್ಯೂಮೆ ಬಗ್ಗೆ ಮಾತಾಡುವುದಿಲ್ಲ. ಹಾಕುವ ಅರ್ಜಿಗಳ ಲೆಕ್ಕ ಇಡಲು ಒಂದು ಗೂಗಲ್ ಶೀಟ್ ತೆರೆಯಿರಿ ಅನ್ನುತ್ತೇನೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಕೆಲಸ ಬದಲಿಸಿದಾಗಲೆಲ್ಲ ಇದೇ ಶೀಟ್ ಬಳಸಿದ್ದೇನೆ, ಈಗಲೂ ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದೇನೆ.

ಕೆಲಸಗಳನ್ನು ಕಾರ್ಡುಗಳಾಗಿ ಜೋಡಿಸಿಡುವ ಟ್ರೆಲೋ ಆ್ಯಪ್ ಕೂಡ ನೋಡಿದ್ದೆ. ಕಾರ್ಡನ್ನು ‘ಅರ್ಜಿ ಹಾಕಿದೆ’ಯಿಂದ ‘ಇಂಟರ್‌ವ್ಯೂ’ಗೆ ಎಳೆದು ಹಾಕುವುದು ಖುಷಿ ಕೊಡುತ್ತದೆ, ನಿಜ. ಆದರೆ ‘ಈ ಕನ್ಸಲ್ಟೆನ್ಸಿಯವರು (ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ ಏಜೆನ್ಸಿ) ನನ್ನ ರೆಸ್ಯೂಮೆ ಎಲ್ಲೆಲ್ಲಿಗೆ ಕಳಿಸಿದ್ದಾರೆ?’ ಅಂತ ನೋಡಬೇಕಾದಾಗ ನನಗೆ ಶೀಟೇ ವಾಸಿ. ಒಂದು ಫಿಲ್ಟರ್ ಹಾಕಿದರೆ ಮುಗಿಯಿತು.

ಇದು ಯಾಕೆ ಮುಖ್ಯ ಅಂದರೆ, ನೌಕ್ರಿ ಜಾಬ್ ಸೈಟಿನಲ್ಲಿ ಪ್ರೊಫೈಲ್ ಅಪ್‌ಡೇಟ್ ಮಾಡಿದ ಕೂಡಲೇ ಫೋನ್ ಶುರುವಾಗುತ್ತದೆ. ಒಂದೇ ಕಂಪನಿಯ ಒಂದೇ ಹುದ್ದೆಗೆ ಬೇರೆ ಬೇರೆ ಕನ್ಸಲ್ಟೆನ್ಸಿಯವರು ಕರೆ ಮಾಡುತ್ತಾರೆ. ಕೆಲವರು ಕಂಪನಿ ಹೆಸರೂ ಹೇಳುವುದಿಲ್ಲ, ‘ನಮ್ಮ ಕ್ಲೈಂಟ್’ ಅಷ್ಟೇ. ಇಬ್ಬರೂ ರೆಸ್ಯೂಮೆ ಕಳಿಸಿಬಿಟ್ಟರೆ ಆ ಕಡೆ ‘ಡೂಪ್ಲಿಕೇಟ್ ಪ್ರೊಫೈಲ್’ ಆಗುತ್ತದೆ. ಕಮಿಷನ್ ಯಾರಿಗೆ ಅನ್ನುವ ತಕರಾರಿನಲ್ಲಿ ನಮ್ಮ ಅರ್ಜಿಯೇ ಮೂಲೆ ಸೇರಬಹುದು. ಅದಕ್ಕೇ ನನ್ನ ಶೀಟಿನಲ್ಲಿ ಕಂಪನಿ ಹೆಸರಿನ ಪಕ್ಕದಲ್ಲೇ ‘ಯಾರ ಮೂಲಕ’ ಅನ್ನುವ ಕಾಲಂ ಇದೆ. ನೇರವಾಗಿ ಹಾಕಿದ್ದೋ, ಗೆಳೆಯರ ರೆಫರಲ್ಲೋ, ಕನ್ಸಲ್ಟೆನ್ಸಿಯೋ, ಅಲ್ಲೇ ಬರೆಯುತ್ತೇನೆ. ಫೋನ್ ಬಂದಾಗ ಕಂಪನಿ ಹೆಸರು ಕೇಳಿ, ಶೀಟಿನಲ್ಲಿ ಹುಡುಕಿ, ಆಮೇಲೆ ಹೂಂ ಅನ್ನುತ್ತೇನೆ. ಹೆಸರು ಹೇಳದವರಿಗೆ ರೆಸ್ಯೂಮೆ ಕೊಡುವುದಿಲ್ಲ.

ನನಗೆ ತುಂಬಾ ಉಪಯೋಗಕ್ಕೆ ಬಂದ ಇನ್ನೊಂದು ಕಾಲಂ ‘ನಾನು ಹೇಳಿದ ಸಂಬಳ’. ಮೊದಲ ಕರೆಯಲ್ಲೇ ಈಗಿನ ಸಿಟಿಸಿ (ಕಂಪನಿ ನಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಎಷ್ಟು, ನಿರೀಕ್ಷೆ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ದಿನ ಅಂತ ಕೇಳುತ್ತಾರೆ. ಕೊನೆಯ ಸುತ್ತಿನಲ್ಲಿ ಎಚ್‌ಆರ್ ಅದನ್ನೇ ಮತ್ತೆ ಕೇಳುವಷ್ಟರಲ್ಲಿ ವಾರಗಳೇ ಕಳೆದಿರುತ್ತವೆ, ಕೇಳುವವರೂ ಬೇರೆ. ಮೊದಲು ಹೇಳಿದ ಅಂಕಿ ಅವರ ಹತ್ತಿರ ಬರಹದಲ್ಲಿ ಇರುತ್ತದೆ. ನಮ್ಮ ಹತ್ತಿರವೂ ಇರಬೇಕು ಅಲ್ವಾ? 90 ದಿನದ ನೋಟಿಸ್ ಇರುವವರು ‘ಬೈಔಟ್ (ಉಳಿದ ನೋಟಿಸ್ ದಿನಗಳಿಗೆ ದುಡ್ಡು ಕಟ್ಟಿ ಬೇಗ ಬಿಡುವುದು) ಬಗ್ಗೆ ಏನು ಮಾತಾಯಿತು’ ಅನ್ನುವುದನ್ನೂ ಅದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳಿ.

ಜಾಬ್ ಡಿಸ್ಕ್ರಿಪ್ಷನ್ನಿನ ಲಿಂಕ್ ಮಾತ್ರ ಹಾಕಿದರೆ ಸಾಲದು. ಹುದ್ದೆಯ ಜಾಹೀರಾತು ತೆಗೆದ ಮೇಲೆ ಆ ಪುಟವೇ ಸಿಗದೆ ಹೋಗಬಹುದು, ಇಂಟರ್‌ವ್ಯೂ ಮಾತ್ರ ಇನ್ನೂ ಬಾಕಿ ಇರುತ್ತದೆ. ನಾನು ಅರ್ಜಿ ಹಾಕುವಾಗಲೇ ಪಿಡಿಎಫ್ ಮಾಡಿ ಡ್ರೈವ್‌ಗೆ ಹಾಕಿ, ಅದರ ಲಿಂಕನ್ನು ಶೀಟಿಗೆ ಅಂಟಿಸುತ್ತೇನೆ. ಯಾವ ರೆಸ್ಯೂಮೆ ಕಳಿಸಿದೆ ಅನ್ನುವುದನ್ನೂ ಪಕ್ಕದಲ್ಲೇ ಬರೆಯುತ್ತೇನೆ.

‘ಸ್ಥಿತಿ’ ಕಾಲಂಗೆ ಡ್ರಾಪ್‌ಡೌನ್ (ಸಿದ್ಧ ಪಟ್ಟಿಯಿಂದ ಆರಿಸುವ ಆಯ್ಕೆ) ಕಡ್ಡಾಯವಾಗಿ ಹಾಕಿ. ಇಲ್ಲದಿದ್ದರೆ ಒಂದು ಕಡೆ ‘ಇಂಟರ್‌ವ್ಯೂ’, ಇನ್ನೊಂದು ಕಡೆ ‘ಮೊದಲ ರೌಂಡ್’ ಅಂತಾಗಿ ಫಿಲ್ಟರ್ ಕೆಲಸಕ್ಕೆ ಬರುವುದಿಲ್ಲ. ಕಂಪ್ಯೂಟರಿನಲ್ಲಿ ಕಂಟ್ರೋಲ್ ಮತ್ತು ಸೆಮಿಕೋಲನ್ ಒಟ್ಟಿಗೆ ಒತ್ತಿದರೆ ಇವತ್ತಿನ ತಾರೀಖು ಬರುತ್ತದೆ. ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಟುಡೇ ಫಾರ್ಮುಲಾ ಹಾಕಿ, ಉತ್ತರ ಬರದೆ 10 ದಿನ ದಾಟಿದ ಸಾಲು ಕಿತ್ತಳೆ ಬಣ್ಣಕ್ಕೆ ತಿರುಗುವ ಹಾಗೆ ಮಾಡಿದ್ದೇನೆ. ಸೋಮವಾರ ಬೆಳಿಗ್ಗೆ ಕಿತ್ತಳೆ ಸಾಲುಗಳನ್ನಷ್ಟೇ ನೋಡಿ ಒಂದೊಂದು ಮೇಲ್ ಹಾಕಿದರೆ ಫಾಲೋಅಪ್ ಮುಗಿಯಿತು.

ಕೊರತೆಗಳೂ ಇವೆ. ಫೋನಿನ ಚಿಕ್ಕ ಪರದೆಯಲ್ಲಿ ಕಾಲಂ ಜಾಸ್ತಿ ಆದಷ್ಟೂ ಕಷ್ಟ. ಮೊದಲ ಕಾಲಂ ಫ್ರೀಜ್ ಮಾಡಿಟ್ಟರೆ ಸ್ವಲ್ಪ ಸಲೀಸು. ಇಂಟರ್‌ವ್ಯೂ ಇದೆ ಅಂತ ಶೀಟ್ ತಾನಾಗಿ ನೆನಪಿಸುವುದಿಲ್ಲ, ಅದಕ್ಕೆ ಕ್ಯಾಲೆಂಡರ್ ಬೇಕೇ ಬೇಕು. ದುಡ್ಡು ಕೊಡಬೇಕಿಲ್ಲ, ಆದರೆ 15 ಜಿಬಿ ಜಾಗವನ್ನು ಜಿಮೇಲ್, ಫೋಟೋಗಳ ಜೊತೆ ಹಂಚಿಕೊಳ್ಳಬೇಕು.

ಒಂದು ಎಚ್ಚರಿಕೆ. ಈ ಶೀಟನ್ನು ಆಫೀಸಿನ ಗೂಗಲ್ ಖಾತೆಯಲ್ಲಿ ಯಾವತ್ತೂ ಮಾಡಬೇಡಿ. ಅಲ್ಲಿನ ಫೈಲುಗಳ ಮೇಲೆ ಕಂಪನಿಯ ಅಡ್ಮಿನ್‌ಗೆ ಹಿಡಿತ ಇರುತ್ತದೆ. ಸ್ವಂತ ಖಾತೆಯಲ್ಲೂ ಶೇರಿಂಗ್ ‘ರಿಸ್ಟ್ರಿಕ್ಟೆಡ್’ (ನಾವು ಸೇರಿಸಿದವರಿಗೆ ಮಾತ್ರ ಕಾಣುವ ಹಾಗೆ) ಇರಲಿ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ನಂಬರ್ ಇದರಲ್ಲಿ ಬರೆಯಲೇಬೇಡಿ.

ಎರಡನೇ ಟ್ಯಾಬ್ ಒಂದಿರಲಿ. ಅದರಲ್ಲಿ ಹಿಂದಿನ ಪ್ರತಿ ಕೆಲಸಕ್ಕೂ ಸೇರಿದ ದಿನ, ಬಿಟ್ಟ ದಿನವನ್ನು ರಿಲೀವಿಂಗ್ ಲೆಟರ್ ನೋಡಿ ಬರೆಯಿರಿ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಪಿಎಫ್ ದಾಖಲೆಯನ್ನೂ ನೋಡುವ ಕಂಪನಿಗಳಿವೆ. ಹಾಗಾಗಿ ಪಿಎಫ್ ನೋಡಿಕೊಳ್ಳುವ ಸಂಸ್ಥೆ ಇಪಿಎಫ್‌ಒ ಪೋರ್ಟಲ್‌ನ ಸರ್ವಿಸ್ ಹಿಸ್ಟರಿ ಜೊತೆ ಈ ತಾರೀಖುಗಳನ್ನು ತಾಳೆ ನೋಡಿ. ಹಳೆಯ ಕಂಪನಿಯವರು ಬಿಟ್ಟ ದಿನ ನಮೂದಿಸದೆ ಹೋಗಿದ್ದರೆ, ಕೊನೆಯ ಪಿಎಫ್ ಕಂತು ಜಮೆಯಾಗಿ ಎರಡು ತಿಂಗಳಾದ ಮೇಲೆ ನಾವೇ ಪೋರ್ಟಲ್‌ನಲ್ಲಿ ಹಾಕಬಹುದು. ಆಫರ್ ಬರುವ ಮುಂಚೆಯೇ ಈ ಕೆಲಸ ಮುಗಿಸಿಕೊಳ್ಳಿ.