ಹಳೆ ಎರ್ಟಿಗಾ ಡೀಸೆಲ್‌ಗೆ ಸ್ಟೇಜ್ 1 ರೀಮ್ಯಾಪ್: ಕಲಬುರಗಿ ಬಿಸಿಲಿಗೆ ತಾಳುತ್ತಾ?

ತಾಳುತ್ತದೆ, ಗಾಡಿ ಮೊದಲೇ ಗಟ್ಟಿ ಇದ್ದರೆ. ಸ್ಟೇಜ್ 1 ರೀಮ್ಯಾಪ್ ಅಂದರೆ ಬಿಡಿಭಾಗ ಬದಲಿಸದೆ ಎಂಜಿನ್ ಕಂಪ್ಯೂಟರ್‌ನ (ಇಸಿಯು) ಸಾಫ್ಟ್‌ವೇರ್ ತಿದ್ದಿ ಪವರ್ ಏರಿಸುವುದು. 1,248 ಸಿಸಿ ಎಂಜಿನ್, ಕಂಪನಿ ಲೆಕ್ಕದಲ್ಲಿ 90 ಪಿಎಸ್ ಪವರ್, 200 ಎನ್‌ಎಂ ಟಾರ್ಕ್ (ಎಳೆಯುವ ಬಲ). ದಿನಬಳಕೆಗೆ 110 ಪಿಎಸ್, 240 ಎನ್‌ಎಂ ಒಳಗೇ ನಿಲ್ಲಿಸಲು ಮ್ಯಾಪ್ ಹಾಕುವವರಿಗೆ ಹೇಳಿ. ಅದಕ್ಕಿಂತ ಮೇಲೆ ಹೋದರೆ ಮೊದಲು ಸೋಲುವುದು ಕ್ಲಚ್.

ಮ್ಯಾಪ್ ಹಾಕಿಸುವ ಮುನ್ನ ಒಂದು ಪರೀಕ್ಷೆ. ನಾಲ್ಕನೇ ಗೇರ್, 1,800 ಆರ್‌ಪಿಎಂ, ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ದುಡ್ಡು ಕ್ಲಚ್‌ಗೇ ಇಡಿ. ಟರ್ಬೊ ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್‌ನ ಪೈಪ್‌ಗಳ ಜೋಡಣೆಯಲ್ಲಿ ಎಣ್ಣೆ ಜಿಗುಟಿದೆಯೇ, ಸೀಳಿದೆಯೇ ನೋಡಿ. ಅಲ್ಲಿ ಗಾಳಿ ಸೋರಿದರೆ ಟರ್ಬೊ ಮಿತಿಮೀರಿ ತಿರುಗುತ್ತದೆ, ಹಿಂದೆ ಕಪ್ಪು ಹೊಗೆ. ಸೇಡಂ, ವಾಡಿ ಕಡೆಯ ಸಿಮೆಂಟ್ ಧೂಳಿನಲ್ಲಿ ಓಡಾಡುವವರು ಏರ್ ಫಿಲ್ಟರ್ ಅರ್ಧ ಅವಧಿಗೇ ಬದಲಿಸಬೇಕು. ಎಂಜಿನ್ ಆಯಿಲ್ ಬದಲಿಸಲು ತಡ ಮಾಡಿದವರ ಟೈಮಿಂಗ್ ಚೈನ್ ಜಗ್ಗಿರಬಹುದು. ಸ್ಟಾರ್ಟ್ ಮಾಡಿದಾಗ ಗಲಗಲ ಶಬ್ದ ಬಂದರೆ ರೀಮ್ಯಾಪ್ ಮಾತೇ ಬೇಡ.

ಅಗ್ಗದ ಟ್ಯೂನಿಂಗ್ ಬಾಕ್ಸ್? ಬೇಡ್ರಿ. ರೈಲ್ ಪ್ರೆಶರ್ (ಇಂಜೆಕ್ಟರ್‌ಗೆ ಹೋಗುವ ಡೀಸೆಲ್‌ನ ಒತ್ತಡ) ಕಡಿಮೆ ಇದೆ ಎಂದು ಇಸಿಯುಗೆ ಸುಳ್ಳು ಹೇಳಿ ನಿಜ ಒತ್ತಡ ಏರಿಸುವುದೇ ಅದರ ಕೆಲಸ. ಪಂಪ್, ಇಂಜೆಕ್ಟರ್ ಸವೆಯುತ್ತವೆ.

ರೀಮ್ಯಾಪ್‌ಗೆ ಮುಂಚಿನ ಇಸಿಯು ಮೂಲ ಫೈಲ್‌ನ ಪ್ರತಿ ಕೇಳಿ ಪಡೆಯಿರಿ. ಮೇ ತಿಂಗಳ 42 ಡಿಗ್ರಿಯಲ್ಲಿ ಏರುವ ಹವಾ ಬಿಸಿಗೆ ಪವರ್ ಸ್ವಲ್ಪ ಇಳಿಯುವುದು ಸಹಜ, ಅದಕ್ಕೆಂದು ಮತ್ತೆ ಬೂಸ್ಟ್ (ಟರ್ಬೊ ಗಾಳಿಯ ಒತ್ತಡ) ಏರಿಸಬೇಡಿ.