ಬೇಡದ ಇಂಟರ್‌ಪ್ರಿಟರ್‌ಗಳನ್ನು ತೆಗೆಯಲು ಡೆಬಿಯನ್‌ನ ಆ್ಯಪ್ಟ್ ಮತ್ತು ಆ್ಯಪ್ಟಿಟ್ಯೂಡ್

ಮನೆಯ ಗಣಕವನ್ನು ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ 11ನೇ ಆವೃತ್ತಿಯಿಂದ 12ಕ್ಕೆ ಏರಿಸಿದ ಮೇಲೆ ಅದರಲ್ಲಿ ಪೈಥಾನ್ 2.7 ಹಾಗೆಯೇ ಉಳಿದಿರುವುದು, ಜೊತೆಗೆ ನಾನೆಂದೂ ಬಳಸದ ರೂಬಿಯೂ ಇರುವುದು ಕಣ್ಣಿಗೆ ಬಿತ್ತು. ಎರಡೂ ಇಂಟರ್‌ಪ್ರಿಟರ್‌ಗಳು, ಅಂದರೆ ಆಯಾ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳನ್ನು ಓದಿ ನಡೆಸುವ ತಂತ್ರಾಂಶಗಳು. ಜಾಗ ಉಳಿಸುವುದಕ್ಕಿಂತ ಭದ್ರತೆಯೇ ನನ್ನ ಚಿಂತೆಯಾಗಿತ್ತು. ಪೈಥಾನ್ 2ಕ್ಕೆ ಅದರ ಅಭಿವೃದ್ಧಿಕಾರರ ಬೆಂಬಲ 2020ರ ಜನವರಿ 1ಕ್ಕೇ ಮುಗಿದಿದ್ದು, ಡೆಬಿಯನ್ 12ರ ರೆಪಾಸಿಟರಿಯಲ್ಲಿ (ತಂತ್ರಾಂಶ ಭಂಡಾರದಲ್ಲಿ) ಅದು ಇಲ್ಲವೇ ಇಲ್ಲ. ಹೀಗೆ ದಿಕ್ಕಿಲ್ಲದೆ ಉಳಿದ ಪ್ಯಾಕೇಜುಗಳನ್ನು, ಡೆಬಿಯನ್‌ನಲ್ಲಿ ತಂತ್ರಾಂಶ ಹಾಕುವ, ತೆಗೆಯುವ ಉಪಕರಣವಾದ ಆ್ಯಪ್ಟ್ ಒಂದೇ ಆದೇಶಕ್ಕೆ ಪಟ್ಟಿ ಮಾಡಿ ಕೊಡುವುದರಿಂದ ಅದನ್ನು ತೆಗೆಯುವುದು ಕಷ್ಟವಾಗಲಿಲ್ಲ.

ರೂಬಿಯ ವಿಷಯದಲ್ಲಿ ನಿಜವಾಗಿ ನೆರವಾದದ್ದು ಅದೇ ಬಗೆಯ ಇನ್ನೊಂದು ಉಪಕರಣವಾದ ಆ್ಯಪ್ಟಿಟ್ಯೂಡ್‌ನ ‘ವೈ’ ಎಂಬ ಆದೇಶ. ಒಂದು ಪ್ಯಾಕೇಜು ಯಾರ ಬೆನ್ನು ಹತ್ತಿ ಬಂದಿದೆ ಎಂಬುದನ್ನು ಅದು ಕೊಂಡಿ ಕೊಂಡಿಯಾಗಿ ತೋರಿಸುತ್ತದೆ. ನನ್ನಲ್ಲಿ ಆ ಸರಪಳಿ ಹೋಗಿ ನಿಂತದ್ದು ವಿಮ್-ನಾಕ್ಸ್ ಎಂಬ ಪಠ್ಯ ಸಂಪಾದಕದಲ್ಲಿ. ಲುವಾ, ಪರ್ಲ್, ಪೈಥಾನ್, ರೂಬಿ, ಟಿಸಿಎಲ್ ಐದಕ್ಕೂ ಬೆಂಬಲ ಸೇರಿಸಿ ಕಟ್ಟಿದ ಆವೃತ್ತಿ ಅದು. ಅದರ ಬದಲಿಗೆ ಸಾಮಾನ್ಯ ವಿಮ್ ಹಾಕಿಕೊಂಡು ಯಾರಿಗೂ ಬೇಡವಾದ ಪ್ಯಾಕೇಜುಗಳನ್ನು ತೆಗೆಯುವ ಆ್ಯಪ್ಟ್‌ನ ‘ಆಟೋರಿಮೂವ್’ ಆದೇಶ ಓಡಿಸಿದಾಗ ರೂಬಿ ತನ್ನ ಪರಿವಾರದೊಡನೆ ಹೊರಟುಹೋಯಿತು. ಇಷ್ಟು ಉಪಯುಕ್ತವಾದ ಪ್ರಶ್ನೆಯನ್ನು ಕೇಳಲು ಡೆಬಿಯನ್ 12ರಲ್ಲಿ ಇನ್ನೊಂದು ಉಪಕರಣದ ಮೊರೆ ಹೋಗಬೇಕಾಗಿರುವುದು ನನಗೆ ಕೊರತೆಯಾಗಿಯೇ ಕಂಡಿತು.

ಆ್ಯಪ್ಟ್‌ನಲ್ಲಿ ನಾನು ಬಹಳ ಮೆಚ್ಚುವುದು ‘-ಎಸ್’ ಆಯ್ಕೆಯನ್ನು. ಏನನ್ನೂ ಮುಟ್ಟದೆ, ರೂಟ್ (ವ್ಯವಸ್ಥಾಪಕ) ಅಧಿಕಾರವನ್ನೂ ಬೇಡದೆ, ಏನೇನು ಹೋಗಲಿದೆ ಎಂಬುದನ್ನು ಅದು ಮೊದಲೇ ಹೇಳುತ್ತದೆ. ಪೈಥಾನ್ 3ರ ಮೇಲೆ ಇದನ್ನು ಪ್ರಯೋಗಿಸಿ ನೋಡಿದವರು ಆ ಉದ್ದನೆಯ ಪಟ್ಟಿ ಕಂಡು ಕೈ ಹಿಂದೆಗೆಯುವುದು ಖಂಡಿತ. ಪರ್ಲ್‌ನ ಮೂಲಭಾಗವಾದ ಪರ್ಲ್-ಬೇಸ್ ಅಂತೂ ಡೆಬಿಯನ್‌ನಲ್ಲಿ ಅತ್ಯಗತ್ಯವೆಂದು ಗುರುತಾಗಿರುವ ಪ್ಯಾಕೇಜು. ನಾವು ಪರ್ಲ್ ಬರೆಯದಿದ್ದರೂ ವ್ಯವಸ್ಥೆಗೆ ಅದು ಬೇಕು, ಅದನ್ನು ಬಿಟ್ಟುಬಿಡಿ.

‘ಆಟೋರಿಮೂವ್’ ಮೇಲೆ ಮಾತ್ರ ಪೂರ್ತಿ ಭಾರ ಹಾಕುವಂತಿಲ್ಲ. ಉಳಿದ ಯಾವುದೋ ಪ್ಯಾಕೇಜು ಒಂದು ಇಂಟರ್‌ಪ್ರಿಟರನ್ನು ಬರೇ ಸಲಹೆಯಾಗಿ ಹೆಸರಿಸಿದ್ದರೂ ಅದು ಬೇಕಾದದ್ದೆಂದೇ ಎಣಿಸಿ ಉಳಿಸಿಕೊಳ್ಳುವುದು ಅದರ ಮೂಲ ಹೊಂದಿಕೆ. ಹಿಂದೆಂದೋ ನಾವೇ ಹೆಸರು ಹೇಳಿ ಹಾಕಿಕೊಂಡದ್ದನ್ನೂ ಅದು ಮುಟ್ಟುವುದಿಲ್ಲ. ‘ಆ್ಯಪ್ಟ್-ಮಾರ್ಕ್’ ಬಳಸಿ ಆ ಗುರುತನ್ನು ನಾವೇ ಬದಲಿಸಬೇಕು. ಪೈಥಾನ್‌ನ ಬೇರೆ ಬೇರೆ ಆವೃತ್ತಿಗಳನ್ನು ಹಾಕಿಕೊಡುವ ಪೈಎನ್ವ್ ಮೂಲಕ ಹೋಮ್ ಕೋಶದೊಳಗೆ ಕಟ್ಟಿಕೊಂಡ ಪೈಥಾನ್‌ಗಳು ಆ್ಯಪ್ಟ್‌ನ ಲೆಕ್ಕಕ್ಕೇ ಬರುವುದಿಲ್ಲವಾದ್ದರಿಂದ, ಅವನ್ನು ಪೈಎನ್ವ್‌ನಿಂದಲೇ ತೆಗೆಯಬೇಕು.